ಗುಂಡನ ಮುಳ್ಳು ಉದುರಿದಾಗ: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಸೀ ಅರ್ಚಿನ್ ಆರೈಕೆ



ನಾನು ಮುಲುಂಡಿನಿಂದ ಬಂದಿದ್ದೇನೆ. ಊರು ಕುಂದಾಪುರದ ಕಡೆ. ಹೊಟ್ಟೆಪಾಡಿಗೆ ಲೆಕ್ಕ ಬರೆಯುವ ಕೆಲಸ. ಈ ವೇದಿಕೆಯಲ್ಲಿ ನಿಂತವರು ಸಾಮಾನ್ಯವಾಗಿ ದೊಡ್ಡ ವಿಷಯ ಮಾತಾಡ್ತಾರೆ. ನನಗೆ ಕರೆ ಬಂದಾಗ ನಾನು ಕೇಳಿದೆ, "ನನ್ನ ಹತ್ರ ಇರೋದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ರಾಣಿಯ ಕಥೆ, ನಡೆಯುತ್ತಾ?" ಅಂತ. ನಡೆಯುತ್ತೆ ಅಂದರು. ಹಾಗಾಗಿ ಬಂದೆ.

ಪರದೆ ಮೇಲೆ ಕಾಣ್ತಿರೋದು ಅದೇ. ಸೀ ಅರ್ಚಿನ್. ಕನ್ನಡದಲ್ಲಿ ಮುಳ್ಳುಚೆಂಡು ಅಂತ ಕರೆದರೆ ಯಾರಿಗಾದರೂ ಅರ್ಥ ಆಗುತ್ತೆ. ಕರಾವಳಿಯವರು ಬಂಡೆಗಳ ಸಂದಿಯಲ್ಲಿ ಇದರ ಬಂಧುಗಳನ್ನು ನೋಡಿರ್ತೀರಿ, ಕೆಲವರು ತುಳಿದೂ ಇರ್ತೀರಿ. ನಮ್ಮನೇಲಿರೋದು ಟಕ್ಸಿಡೊ ಅರ್ಚಿನ್ ಅನ್ನುವ ಜಾತಿ. ಗಿಡ್ಡ ಮುಳ್ಳು, ನಡುನಡುವೆ ಮಖಮಲ್ ಬಟ್ಟೆಯ ಹಾಗೆ ನೀಲಿ ಪಟ್ಟಿ. ಮಗಳು ಇಟ್ಟ ಹೆಸರು ಗುಂಡ.

ಇದಕ್ಕೆ ಮಿದುಳಿಲ್ಲ, ಮುಖ ಇಲ್ಲ. ಬಾಯಿ ಇರೋದು ಹೊಟ್ಟೆಯ ಅಡಿಯಲ್ಲಿ. ಬಾಯೊಳಗೆ ಐದು ಹಲ್ಲು. ಆ ಹಲ್ಲಿನ ಚೌಕಟ್ಟಿಗೆ ಇವತ್ತಿಗೂ 'ಅರಿಸ್ಟಾಟಲನ ಲಾಂದ್ರ' ಅಂತ ಹೆಸರು, ಯಾಕಂದ್ರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಆತ ಇದನ್ನು ಲಾಂದ್ರಕ್ಕೆ ಹೋಲಿಸಿ ಬರೆದಿದ್ದ. ಆ ಹಲ್ಲು ಸವೆದಷ್ಟೂ ಬೆಳೆಯುತ್ತೆ, ತನ್ನಷ್ಟಕ್ಕೆ ತಾನೇ ಹರಿತ ಆಗುತ್ತೆ. ಅದರಿಂದ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತೆ. ಮುಳ್ಳುಗಳ ನಡುವೆ ನೂರಾರು ಸಣ್ಣ ಕೊಳವೆ ಕಾಲುಗಳಿವೆ, ತುದಿಯಲ್ಲಿ ಹೀರುವ ಬಟ್ಟಲು. ಗಾಜಿನ ಮೇಲೆ ಹತ್ತೋದು, ಕಲ್ಲು ಹಿಡಿಯೋದು, ಸಿಕ್ಕಿದ್ದನ್ನು ತಲೆ ಮೇಲೆ ಹೊರೋದು, ಎಲ್ಲ ಈ ಕಾಲಿನಿಂದ.

ಹೌದು, ತಲೆ ಮೇಲೆ ಹೊರುತ್ತೆ. ಈ ಜಾತಿಯ ಗುಣ ಅದು. ಚಿಪ್ಪು, ಕಲ್ಲಿನ ಚೂರು, ಪಾಚಿ, ಒಂದು ಸಲ ಮಗಳ ಲೆಗೋ ತುಂಡು. ಗುಂಡನ ಮೆಚ್ಚಿನ ಟೋಪಿ ಅಂದರೆ ಅಮ್ಮ ಮರವಂತೆ ಕಡಲ ದಂಡೆಯಿಂದ ತಂದ ಒಂದು ಬಿಳಿ ಚಿಪ್ಪು. ಕುದಿಸಿ ತೊಳೆದು ತೊಟ್ಟಿಗೆ ಹಾಕಿದ್ದೆವು. ಮಾರನೇ ಬೆಳಗ್ಗೆ ಅದು ಗುಂಡನ ತಲೆ ಮೇಲಿತ್ತು. ಆಮೇಲೆ ಒಂದು ವರ್ಷ ಅದು ಕೆಳಗಿಳಿದದ್ದೇ ಇಲ್ಲ ಅನ್ನಬೇಕು.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಆಫೀಸಿಂದ ಬಂದು ನೋಡ್ತೀನಿ, ಆ ಚಿಪ್ಪು ಮರಳಿನ ಮೇಲೆ ಬಿದ್ದಿತ್ತು.

ಮೊದಲ ಲಕ್ಷಣಗಳು

ಟೋಪಿ ಬಿದ್ದರೆ ಏನಾಯ್ತು ಅಂತ ನಾನೂ ಅಂದುಕೊಂಡೆ. ಮರುದಿನ ಮರಳಿನ ಮೇಲೆ ಮುಳ್ಳುಗಳು ಕಂಡವು. ಒಂದೆರಡು ಉದುರೋದು ಸಹಜ. ಎಣಿಸಿದೆ, ಮೂವತ್ತರ ಹತ್ತಿರ ಇತ್ತು. ಮೂರನೇ ದಿನ ಗುಂಡ ಗಾಜಿನಿಂದ ಕೆಳಗೆ ಬಿದ್ದು ಓರೆಯಾಗಿ ಕೂತಿದ್ದ. ಬೆರಳಿನಿಂದ ಒಂದು ಮುಳ್ಳನ್ನು ಮೆಲ್ಲಗೆ ಮುಟ್ಟಿದೆ. ಆರೋಗ್ಯವಾಗಿರುವ ಅರ್ಚಿನ್ ಆದರೆ ಅಕ್ಕಪಕ್ಕದ ಮುಳ್ಳುಗಳೆಲ್ಲ ಆ ಕಡೆಗೆ ವಾಲ್ತವೆ, ಮುಟ್ಟಿದವನು ಯಾರು ಅಂತ ವಿಚಾರಿಸೋ ಹಾಗೆ. ಇವನ ಮುಳ್ಳುಗಳು ಅಲುಗಿದವು, ಆದರೆ ಬಹಳ ನಿಧಾನ.

ನೀವು ಅರ್ಚಿನ್ ಸಾಕಿದ್ದರೆ ಈ ಮೂರು ಲಕ್ಷಣ ನೆನಪಿಟ್ಟುಕೊಳ್ಳಿ. ಮುಳ್ಳು ಗುಂಪಾಗಿ ಉದುರೋದು, ಕೊಳವೆ ಕಾಲುಗಳು ಹಿಡಿತ ಬಿಡೋದು, ಮುಟ್ಟಿದರೆ ಮುಳ್ಳು ತಡವಾಗಿ ಅಲುಗೋದು. ನಾಲ್ಕನೆಯದೂ ಒಂದಿದೆ: ಬೋರಲಾಗಿ ಇರಬೇಕಾದ ಪ್ರಾಣಿ ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುತ್ತಾ ಅನ್ನೋದು. ಗಟ್ಟಿ ಇರುವ ಅರ್ಚಿನ್ ಕೆಲವೇ ನಿಮಿಷದಲ್ಲಿ ತಿರುಗಿ ಕೂರುತ್ತೆ. ವಿಜ್ಞಾನಿಗಳೂ ಅದರ ಆರೋಗ್ಯ ಅಳೆಯೋಕೆ ಈ ಪರೀಕ್ಷೆ ಮಾಡ್ತಾರೆ. ಆದರೆ ಕಾಯಿಲೆ ಬಿದ್ದಿರೋದನ್ನು ನೀವಾಗಿ ಮಗುಚಿ ಹಾಕಬೇಡಿ.

ಆ ರಾತ್ರಿ ನಾನು ಮಾಡಿದ ತಪ್ಪು ಏನಂದ್ರೆ, ಫೋನ್ ಹಿಡಿದು ಓದ್ತಾ ಕೂತದ್ದು. ಓದಿದ್ದು ಸುಳ್ಳಲ್ಲ, ಎಲ್ಲ ನಿಜವೇ. 1983ರಲ್ಲಿ ಪನಾಮದ ಹತ್ತಿರ ಶುರುವಾಗಿ, ಸುಮಾರು ಒಂದು ವರ್ಷದಲ್ಲಿ ಕೆರಿಬಿಯನ್ ಸಮುದ್ರದ ಉದ್ದುಮುಳ್ಳಿನ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತುಹೋದವು. ಪಾಚಿ ತಿನ್ನುವವರಿಲ್ಲದೆ ಹವಳದ ದಿಬ್ಬಗಳ ಮೇಲೆ ಪಾಚಿ ಮುಚ್ಚಿಕೊಂಡಿತು. 2022ರಲ್ಲಿ ಅಲ್ಲೇ ಮತ್ತೆ ಸಾವು ಶುರುವಾಯಿತು. 2023ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಯಾನ್ ಹ್ಯೂಸನ್ ಮತ್ತು ಜೊತೆಗಾರರು ಇದಕ್ಕೆ ಕಾರಣ ಒಂದು ಏಕಕೋಶ ಜೀವಿ ಅಂತ ತೋರಿಸಿದರು. ಕೆಂಪು ಸಮುದ್ರದಲ್ಲೂ ಅದೇ ಕಥೆ ಆಯಿತು. ಲಕ್ಷಣ ಏನು? ಹಿಡಿತ ಬಿಡೋದು, ಮುಳ್ಳು ಉದುರೋದು.

ಓದಿ ಕೈಕಾಲು ತಣ್ಣಗಾಯ್ತು. ರಾತ್ರಿ ಒಂದು ಗಂಟೆಗೆ 'ಸೀ ಅರ್ಚಿನ್ ಔಷಧಿ' ಅಂತ ಹುಡುಕ್ತಿದ್ದೆ. ಭಾಂಡುಪ್‌ನಲ್ಲಿರೋ ಗೆಳೆಯನೊಬ್ಬ ಹತ್ತು ವರ್ಷದಿಂದ ಉಪ್ಪುನೀರಿನ ತೊಟ್ಟಿ ನೋಡಿಕೊಳ್ತಾನೆ. ಅವನಿಗೆ ಮೆಸೇಜ್ ಹಾಕಿದೆ. ಬೆಳಗ್ಗೆ ಉತ್ತರ ಬಂತು: "ಔಷಧಿ ಹಾಕಬೇಡ. ಏನೂ ಹಾಕಬೇಡ. ನೀರು ಅಳೆ. ಮನೇಲಿ ಏನು ಬದಲಾಗಿದೆ ಅಂತ ನೋಡು."

ಈ ನಾಲ್ಕು ವಾಕ್ಯ ಹೇಳಲಿಕ್ಕೇ ನಾನಿವತ್ತು ಬಂದಿರೋದು. ಉಳಿದದ್ದು ವಿವರ.

ನೀರು ಅಳೆದದ್ದು

ಅರ್ಚಿನ್‌ಗೆ ಕಾಯಿಲೆ ಅಂದರೆ ಹೆಚ್ಚಿನ ಸಲ ನೀರಿಗೆ ಕಾಯಿಲೆ. ಅದರ ಮೈಯೊಳಗೆ ಓಡೋದೂ ಹೆಚ್ಚುಕಮ್ಮಿ ಸಮುದ್ರದ ನೀರೇ. ಮೀನು ತನ್ನ ಮೈಯ ಉಪ್ಪನ್ನು ತಾನು ಹದದಲ್ಲಿ ಇಟ್ಟುಕೊಳ್ಳುತ್ತೆ. ಅರ್ಚಿನ್‌ಗೆ ಆ ಶಕ್ತಿ ಇಲ್ಲ. ಹೊರಗೆ ಹೇಗೋ ಒಳಗೂ ಹಾಗೆ.

ಹಾಗಾಗಿ ಮೊದಲು ಉಪ್ಪಿನ ಪ್ರಮಾಣ. ಮುಂಬೈಯ ಮೇ ತಿಂಗಳಲ್ಲಿ ತೊಟ್ಟಿ ಬಿಸಿಯಾಗದಿರಲಿ ಅಂತ ಮೇಲೆ ಸಣ್ಣ ಫ್ಯಾನ್ ಹಾಕಿರ್ತೀನಿ. ಫ್ಯಾನ್ ಗಾಳಿಗೆ ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಆವಿಯಾದಷ್ಟು ಸಿಹಿನೀರನ್ನೇ ಹಾಕಿ ತುಂಬಬೇಕು, ಉಪ್ಪುನೀರನ್ನಲ್ಲ. ಹೊಸಬರು ಇಲ್ಲಿ ಎಡವೋದು ಸಾಮಾನ್ಯ. ಅಳೆಯೋದಕ್ಕೆ ಪ್ಲಾಸ್ಟಿಕ್ ಮುಳ್ಳಿನ ಅಗ್ಗದ ಹೈಡ್ರೋಮೀಟರ್ ಬೇಡ. ಅದರ ಮುಳ್ಳಿಗೆ ಉಪ್ಪು ಕಟ್ಟಿದರೆ ಕಡಿಮೆ ತೋರಿಸುತ್ತೆ, ಗುಳ್ಳೆ ಅಂಟಿದರೆ ಹೆಚ್ಚು ತೋರಿಸುತ್ತೆ. ರಿಫ್ರ್ಯಾಕ್ಟೋಮೀಟರ್ ಇಟ್ಟುಕೊಳ್ಳಿ, ಅದನ್ನೂ 35 ಪಿಪಿಟಿ ದ್ರಾವಣದಲ್ಲಿ ಆಗಾಗ ಸರಿಹೊಂದಿಸಿ. ನನ್ನ ತೊಟ್ಟಿಯಲ್ಲಿ ಬಂದದ್ದು 1.026. ಸರಿ ಇದೆ.

ಉಷ್ಣತೆ 28 ಡಿಗ್ರಿ. ಸ್ವಲ್ಪ ಹೆಚ್ಚು, ಆದರೆ ಹಿಂದಿನ ಮೇ ತಿಂಗಳಲ್ಲೂ ಅಷ್ಟೇ ಇತ್ತು. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಪಿಪಿಎಂ. ಕ್ಯಾಲ್ಸಿಯಂ 420, ಆಲ್ಕಲಿನಿಟಿ 8.5 ಡಿಕೆಎಚ್. ಈ ಎರಡು ಯಾಕೆ ಅಂದ್ರೆ ಅರ್ಚಿನ್‌ನ ಚಿಪ್ಪು, ಮುಳ್ಳು ಎರಡೂ ಸುಣ್ಣದವು. ಎಲ್ಲ ಸರಿ ಇದೆ.

ಹಸಿವಾ? ಅದೂ ದೊಡ್ಡ ಕಾರಣ. ಗಾಜು, ಕಲ್ಲು ಫಳಫಳ ಹೊಳೆಯುವ ತೊಟ್ಟಿಯಲ್ಲಿ ಅರ್ಚಿನ್ ಉಪವಾಸ ಸಾಯುತ್ತೆ, ಮಾಲೀಕ ಮಾತ್ರ 'ಎಷ್ಟು ಕ್ಲೀನ್' ಅಂತ ಖುಷಿಪಡ್ತಿರ್ತಾನೆ. ಆದರೆ ನಾನು ವಾರಕ್ಕೆ ಮೂರು ಸಲ ನೋರಿ ಹಾಕ್ತಿದ್ದೆ. ನೋರಿ ಅಂದರೆ ಹಾಳೆಯಂತೆ ಒಣಗಿಸಿದ ಸಮುದ್ರದ ಪಾಚಿ. ಎಣ್ಣೆ, ಮಸಾಲೆ ಇಲ್ಲದ್ದನ್ನು ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಇಡೋದು.

ಲೆಕ್ಕದ ಕೆಲಸದಲ್ಲಿ ಹೀಗಾಗುತ್ತೆ. ಎಲ್ಲ ಪುಟ ತಾಳೆಯಾಗುತ್ತೆ, ಕೊನೆಯ ಮೊತ್ತ ಮಾತ್ರ ಹೊಂದೋದಿಲ್ಲ. ಆಗ ನಾವು ಕೇಳುವ ಪ್ರಶ್ನೆ, ಯಾವ ಎಂಟ್ರಿ ಈ ಪುಸ್ತಕಕ್ಕೆ ಬಂದೇ ಇಲ್ಲ?

ಆಗ ಕಣ್ಣಿಗೆ ಬಿದ್ದದ್ದು ಬಸವನಹುಳುಗಳು. ತೊಟ್ಟಿಯಲ್ಲಿ ಐದು ಇದ್ದವು. ರಾತ್ರಿ ಗಾಜಿನ ಮೇಲೆಲ್ಲ ಓಡಾಡೋ ಅವು ಎರಡು ದಿನದಿಂದ ಕೆಳಗೆ ಬಿದ್ದುಕೊಂಡಿದ್ದವು. ಎರಡು ಕ್ಲೌನ್ ಮೀನುಗಳು ಮಾತ್ರ ಏನೂ ಆಗದ ಹಾಗೆ ಕುಣೀತಿದ್ದವು. ಮೀನು ಆರೋಗ್ಯವಾಗಿವೆ, ಬೆನ್ನುಮೂಳೆ ಇಲ್ಲದವೆಲ್ಲ ಒಟ್ಟಿಗೆ ಮಲಗಿವೆ. ಇದನ್ನು ಗೆಳೆಯನಿಗೆ ಹೇಳಿದ ಕೂಡಲೇ ಅವನಂದ: "ತಾಮ್ರ. ನೀರಿಗೆ ಎಲ್ಲಿಂದಲೋ ತಾಮ್ರ ಸೇರ್ತಿದೆ."

ನಮ್ಮ ತೊಟ್ಟಿಗೆ ತಾಮ್ರ ಎಲ್ಲಿಂದ ಬರಬೇಕು?

ಬೆಳಗ್ಗೆ ಐದು ಗಂಟೆ

ಇಲ್ಲಿ ಅಮ್ಮನ ವಿಷಯ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಬಂದಿದ್ದಾರೆ. ಕಡಲಿನ ಸದ್ದು ಕೇಳಿ ಎಪ್ಪತ್ತು ವರ್ಷ ಬದುಕಿದವರು ಮುಲುಂಡಿನ ಆರನೇ ಮಹಡಿಯಲ್ಲಿ ಏನು ಮಾಡಬೇಕು? ಮೊದಲ ಕೆಲವು ತಿಂಗಳು ಬಾಲ್ಕನಿಯಲ್ಲಿ ಸುಮ್ಮನೆ ಕೂತಿರ್ತಿದ್ದರು. ಆಮೇಲೆ ತೊಟ್ಟಿಯ ಮುಂದೆ ಕೂರೋಕೆ ಶುರುಮಾಡಿದರು. "ನಿನ್ನಪ್ಪ ಇದ್ ಬಲೆಗ್ ಬಂದ್ರೆ ಬೈದ್ಕಂಡ್ ಹೊರಗ್ ಹಾಕ್ತಿದ್ರ್, ನೀ ದುಡ್ ಕೊಟ್ ತಂದಿದ್ದೆ" ಅಂತ ನಗ್ತಿದ್ದರು. ಆದರೆ ಗುಂಡ ಎದ್ದನಾ, ತಿಂದನಾ, ಎಲ್ಲಿದ್ದಾನೆ ಅಂತ ದಿನಾ ವರದಿ ಅವರದೇ.

ನಾನು ಬೆಳಗ್ಗೆ 7.40ರ ಲೋಕಲ್ ಹಿಡಿಯೋನು. ಹಾಗಾಗಿ ಆವಿಯಾದ ನೀರು ತುಂಬುವ ಕೆಲಸ ಅಮ್ಮ ತಗೊಂಡಿದ್ದರು. ಗಾಜಿಗೆ ಟೇಪ್ ಅಂಟಿಸಿದ್ದೆ. ನೀರು ಟೇಪ್‌ಗಿಂತ ಕೆಳಗಿಳಿದರೆ ಬಾಲ್ಕನಿಯ ಕ್ಯಾನ್‌ನಿಂದ ಹಾಕೋದು. ಆ ಕ್ಯಾನ್‌ನಲ್ಲಿರೋದು ಆರ್‌ಓ-ಡಿಐ ನೀರು. ಎಲ್ಲ ಲವಣ ತೆಗೆದದ್ದು, ಟಿಡಿಎಸ್ ಸೊನ್ನೆ.

ಗೆಳೆಯ ತಾಮ್ರ ಅಂದ ರಾತ್ರಿ ನನಗೆ ನಿದ್ದೆ ಇಲ್ಲ. ಐದು ಗಂಟೆಗೆ ಎದ್ದು ಹಾಲಿಗೆ ಬಂದರೆ, ಅಮ್ಮ ಆಗಲೇ ಸ್ನಾನ ಮುಗಿಸಿ ತೊಟ್ಟಿಯ ಮುಂದೆ ನಿಂತಿದ್ದಾರೆ. ಕೈಯಲ್ಲಿ ಅಡುಗೆಮನೆಯ ಜಗ್. ಮೆಲ್ಲಗೆ, ಅಲೆ ಏಳದ ಹಾಗೆ, ನೀರು ಹೊಯ್ತಿದ್ದಾರೆ.

ಏಪ್ರಿಲ್ ಕೊನೆಯಲ್ಲಿ ಅಡುಗೆಮನೆಗೆ ಹೊಸ ವಾಟರ್ ಪ್ಯೂರಿಫೈಯರ್ ಬಂದಿತ್ತು. ಈಗ ಬರುವ ಹಲವು ಮಾದರಿಗಳಲ್ಲಿ ಇರುವ ಹಾಗೆ ಅದರಲ್ಲೂ ಶುದ್ಧ ಮಾಡಿದ ನೀರಿಗೆ ಸ್ವಲ್ಪ ತಾಮ್ರ ಸೇರಿಸುವ ಕಾರ್ಟ್ರಿಜ್ ಇತ್ತು. ಅಂಗಡಿಯಲ್ಲಿ ಅದನ್ನು ಆರಿಸಿದ್ದೇ ಅಮ್ಮ. ಊರಲ್ಲಿ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಕುಡಿದವರು. ಮೇ ತಿಂಗಳಲ್ಲಿ ಸೊಸೈಟಿಯಲ್ಲಿ ನೀರಿನ ಕಡಿತ, ಒತ್ತಡ ಇಲ್ಲ, ನನ್ನ ಆರ್‌ಓ-ಡಿಐ ಯಂತ್ರಕ್ಕೆ ನೀರು ಏರ್ತಿರಲಿಲ್ಲ. ಬಾಲ್ಕನಿಯ ಕ್ಯಾನ್ ಖಾಲಿ. ನಾನು ಗಮನಿಸಿರಲಿಲ್ಲ. ಅಮ್ಮ ಗಮನಿಸಿದ್ದರು. ಟೇಪ್‌ಗಿಂತ ನೀರು ಕೆಳಗಿಳಿದದ್ದು ನೋಡಿ, ಮನೆಯಲ್ಲಿದ್ದ ಅತ್ಯಂತ ಒಳ್ಳೆ ನೀರನ್ನು ಗುಂಡನಿಗೆ ಕೊಟ್ಟಿದ್ದರು. ಬರೋಬ್ಬರಿ 24 ದಿನ.

ನಾನು ಕಿರುಚಿದೆ. "ಅಮ್ಮಾ, ನಿಲ್ಸು!"

ಅವರು ಜಗ್ ಹಿಡಿದ ಕೈ ಹಾಗೇ ನಿಂತಿತು. "ಎಂತ ಆಯ್ತ್ ಮಗಾ?" ಅಂದರು. ನಾನು ಅವರ ಕೈಯಿಂದ ಜಗ್ ಕಿತ್ತುಕೊಂಡೆ. ಕಿತ್ತುಕೊಂಡೆ ಅನ್ನೋದೇ ಸರಿಯಾದ ಮಾತು. ಆಮೇಲೆ "ಏನಿಲ್ಲ, ಏನಿಲ್ಲ" ಅಂದೆ. ಏನೂ ಇಲ್ಲದೆ ಯಾರೂ ತಾಯಿಯ ಮೇಲೆ ಹಾಗೆ ಕಿರುಚೋದಿಲ್ಲ ಅಂತ ಅವರಿಗೆ ಗೊತ್ತಾಗದಿರುತ್ತಾ?

ನಮಗೆ ಒಳ್ಳೆಯದು, ಅದಕ್ಕೆ ವಿಷ

ಆ ಪ್ಯೂರಿಫೈಯರ್‌ನಲ್ಲಿ ದೋಷ ಏನಿಲ್ಲ, ನಾವಿನ್ನೂ ಅದರ ನೀರನ್ನೇ ಕುಡೀತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇದ್ದರೆ ಮನುಷ್ಯರಿಗೆ ತೊಂದರೆ ಇಲ್ಲ. ಇನ್ನೊಂದು ಕಡೆ, ಉಪ್ಪುನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಬೇರೆ ತೊಟ್ಟಿಯಲ್ಲಿಟ್ಟು ತಾಮ್ರದ ಔಷಧಿ ಹಾಕ್ತಾರೆ, ಲೀಟರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ. ಅಂದರೆ ನಮ್ಮ ಮಿತಿಯ ಹತ್ತನೇ ಒಂದು ಪಾಲು. ಮೀನು ಅದನ್ನು ತಡೆದುಕೊಳ್ಳುತ್ತೆ. ಅದೇ ನೀರಿನಲ್ಲಿ ಅರ್ಚಿನ್, ಬಸವನಹುಳು, ಸೀಗಡಿ ಸಾಯುತ್ತವೆ. ಅರ್ಚಿನ್ ಎಷ್ಟು ಸೂಕ್ಷ್ಮ ಅಂದರೆ, ಸಮುದ್ರದ ನೀರು ವಿಷವಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಪ್ರಯೋಗಾಲಯಗಳಲ್ಲಿ ಅದರ ಭ್ರೂಣಗಳನ್ನು ಬಳಸ್ತಾರೆ.

ಮತ್ತೆ ನಮ್ಮ ಲೆಕ್ಕ ನೋಡಿ. ತೊಟ್ಟಿ 150 ಲೀಟರ್. ದಿನಕ್ಕೆ ಒಂದೂಕಾಲು ಲೀಟರ್ ಆವಿ, 24 ದಿನಕ್ಕೆ 30 ಲೀಟರ್. ನೀರು ಆವಿಯಾಗಿ ಹೋಗುತ್ತೆ, ತಾಮ್ರ ಹೋಗೋದಿಲ್ಲ. ಪ್ರತಿದಿನ ಒಂದು ಚಿಟಿಕೆ ಜಮಾ, ಖರ್ಚು ಸೊನ್ನೆ. ತಾಮ್ರದ ಟೆಸ್ಟ್ ಕಿಟ್ ತಂದು ನೋಡಿದಾಗ ಬಣ್ಣ ಸೊನ್ನೆಯ ಚೌಕದಲ್ಲಿರಲಿಲ್ಲ, ಅದರ ಮುಂದಿನ ಚೌಕದಲ್ಲಿತ್ತು. ಅಷ್ಟು ಸಾಕಾಗಿತ್ತು.

ಆಸ್ಪತ್ರೆ ಅಂದರೆ ಒಂದು ಬಕೆಟ್

ಆ ಸಂಜೆ ಗೆಳೆಯನ ಮನೆಯಿಂದ ಎರಡು ಕ್ಯಾನ್ ಆರ್‌ಓ-ಡಿಐ ನೀರನ್ನು ಆಟೋದಲ್ಲಿ ತಂದೆ. ಸಮುದ್ರದ ಉಪ್ಪಿನ ಮಿಶ್ರಣ ಹಾಕಿ, ಪಂಪ್ ಬಿಟ್ಟು ಕಲಸಿದೆ. ಸಾಧಾರಣವಾಗಿ ಒಂದು ರಾತ್ರಿ ಬಿಡಬೇಕು. ನಮಗೆ ಅಷ್ಟು ಹೊತ್ತು ಇರಲಿಲ್ಲ, ನಾಲ್ಕು ಗಂಟೆ ಬಿಟ್ಟೆ. ಯಾವತ್ತೂ ಸೋಪು ಮುಟ್ಟದ ಹೊಸ 20 ಲೀಟರ್ ಬಕೆಟ್. ಗಾಳಿ ಬಿಡುವ ಕಲ್ಲು, ಥರ್ಮಾಮೀಟರ್, ಅಷ್ಟೇ. ಉಪ್ಪು 1.026, ಉಷ್ಣತೆ 28, ಹಳೆ ತೊಟ್ಟಿಯಲ್ಲಿ ಇದ್ದಷ್ಟೇ. ಕಾಯಿಲೆಯವನಿಗೆ 'ಇನ್ನೂ ಒಳ್ಳೆ' ನೀರು ಕೊಡ್ತೀನಿ ಅಂತ ಆ ಹೊತ್ತಿನಲ್ಲಿ ಅಂಕಿ ಬದಲಿಸಬಾರದು. ಬದಲಾವಣೆಯೇ ಅದಕ್ಕೆ ಪೆಟ್ಟು.

ಎತ್ತುವ ರೀತಿ ಕೇಳಿ. ಅರ್ಚಿನ್ ಅನ್ನು ಗಾಳಿಗೆ ಎತ್ತಬೇಡಿ, ಒಳಗೆ ಗಾಳಿ ಸಿಕ್ಕಿಕೊಳ್ಳಬಹುದು. ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೇ ಇಳಿಸಿ, ಅದರೊಳಗೆ ಮೆಲ್ಲಗೆ ಸರಿಸಿ, ನೀರಿನ ಸಮೇತ ತೆಗೀರಿ. ಕಲ್ಲು ಹಿಡಿದು ಕೂತಿದ್ದರೆ ಎಳೆಯಬೇಡಿ. ಕೊಳವೆ ಕಾಲು ಕಿತ್ತುಬರುತ್ತೆ. ಹಳೇ ಎಟಿಎಂ ಕಾರ್ಡ್ ತೊಳೆದಿಟ್ಟುಕೊಂಡು ಅಡಿಗೆ ನಿಧಾನ ತೂರಿಸಿದರೆ ತಾನೇ ಬಿಡುತ್ತೆ. ಗುಂಡನಿಗೆ ಅದೂ ಬೇಕಾಗಲಿಲ್ಲ. ಯಾವ ಹಿಡಿತವೂ ಉಳಿದಿರಲಿಲ್ಲ. ಡಬ್ಬಿಗೆ ಸಣ್ಣ ಪೈಪಿನಿಂದ ಹೊಸ ನೀರನ್ನು ಹನಿಹನಿಯಾಗಿ ಒಂದು ಗಂಟೆ ಬಿಟ್ಟು, ಆಮೇಲೆ ಬಕೆಟ್‌ಗೆ ಇಳಿಸಿದೆ.

ಔಷಧಿ? ಒಂದು ಹನಿಯೂ ಇಲ್ಲ. ದಿನಾ ಕಾಲುಭಾಗ ನೀರು ಬದಲಿಸಿದ್ದು, ಬೆಳಕು ಕಡಿಮೆ ಮಾಡಿದ್ದು, ಉದುರಿದ ಮುಳ್ಳು ಎತ್ತಿದ್ದು. ಅಮೋನಿಯಾ ದಿನಾ ನೋಡಿದ್ದು, ಯಾಕಂದ್ರೆ ಬಕೆಟ್‌ನಲ್ಲಿ ಫಿಲ್ಟರ್ ಇಲ್ಲ. ದೊಡ್ಡ ತೊಟ್ಟಿಯಲ್ಲಿ ಆ ವಾರ ಮೂರು ಸಲ ಕಾಲುಭಾಗ ನೀರು ಬದಲಿಸಿದೆ. ಹೊಸ ಕಾರ್ಬನ್ ಹಾಕಿದೆ. ಲೋಹ ಹೀರುವ ಒಂದು ಬಿಳಿ ಪ್ಯಾಡ್ ಸಿಗುತ್ತೆ, ತಾಮ್ರ ಹೀರಿದರೆ ನೀಲಿಗೆ ತಿರುಗುತ್ತೆ. ಇಟ್ಟ ಮೂರನೇ ದಿನ ಅದರ ಅಂಚು ನೀಲಿಯಾಗಿತ್ತು. ಅದನ್ನು ನೋಡಿದಾಗ ಉಳಿದಿದ್ದ ಅನುಮಾನವೂ ಹೋಯಿತು.

ಬಸವನಹುಳುಗಳಲ್ಲಿ ಎರಡು ಸತ್ತವು. ಅವನ್ನು ಕಥೆಯಿಂದ ಬಿಡೋದು ಸರಿಯಲ್ಲ.

ಎರಡನೇ ರೋಗಿ

ಈಗ ಅಮ್ಮನ ವಿಷಯ. ನಾನು ಅವರಿಗೆ ಹೇಳಿರಲಿಲ್ಲ. ಆದರೆ ಮಗಳ ಬಾಯಿಂದ ಎರಡನೇ ದಿನವೇ ಗೊತ್ತಾಗಿತ್ತು. ಅವರು ತೊಟ್ಟಿಯ ಹತ್ತಿರ ಬರೋದು ಬಿಟ್ಟರು. ಕುರ್ಚಿಯನ್ನು ಮತ್ತೆ ಬಾಲ್ಕನಿಗೆ ಎಳೆದುಕೊಂಡರು. ಊಟಕ್ಕೆ ಕರೆದರೆ ಬರ್ತಿದ್ದರು, ಕೇಳಿದ್ದಕ್ಕೆ ಉತ್ತರ ಹೇಳ್ತಿದ್ದರು, ಅಷ್ಟೇ. ಮೂರನೇ ದಿನ ರಾತ್ರಿ ಪಕ್ಕದಲ್ಲಿ ಹೋಗಿ ಕೂತೆ. ಅವರೇ ಅಂದರು, "ನಂಗ್ ಗೊತ್ತಿರ್ಲಿಲ್ಲ ಮಗಾ. ಒಳ್ಳೆದ್ ಅಂದೇಳಿ ಹಾಕ್ದೆ."

ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. 'ಪರವಾಗಿಲ್ಲ, ಬಿಡು' ಅಂದೆ. ಪರವಾಗಿಲ್ಲ ಅನ್ನೋ ಮಾತಿನಲ್ಲೂ ತಪ್ಪು ನಿನ್ನದೇ ಅಂತ ಇರುತ್ತಲ್ಲ. ಮಲಗಲು ಹೋದ ಮೇಲೆ ಹೊಳೆಯಿತು. ಕ್ಯಾನ್ ತುಂಬಿಡೋದು ನನ್ನ ಕೆಲಸ ಆಗಿತ್ತು. 24 ದಿನ ಕ್ಯಾನ್ ಖಾಲಿ ಇದ್ದದ್ದು ನನಗೆ ತಿಳಿಯಲಿಲ್ಲ. 'ಬರೀ ಈ ನೀರು ಮಾತ್ರ' ಅಂತ ಹೇಳಿದ್ದೆನೇ ಹೊರತು ಯಾಕೆ ಅಂತ ಹೇಳಿರಲಿಲ್ಲ. ಕಾರಣ ಹೇಳದೆ ಕೊಟ್ಟ ಕೆಲಸ ಅದು.

ಬೆಳಗ್ಗೆ ಅಮ್ಮನಿಗೆ ಅಷ್ಟನ್ನೂ ಹೇಳಿದೆ. ಕ್ಯಾನ್‌ನ ವಿಷಯ, ತಾಮ್ರದ ವಿಷಯ, ಎಲ್ಲ. ಟಿಡಿಎಸ್ ಮೀಟರ್ ಕೈಗೆ ಕೊಟ್ಟು, ಎರಡು ಲೋಟ ಇಟ್ಟೆ. ಅಡುಗೆಮನೆ ನೀರಿಗೆ ಅದ್ದಿದರೆ 90 ಚಿಲ್ಲರೆ. ಗೆಳೆಯನ ಕ್ಯಾನ್‌ನ ನೀರಿಗೆ ಸೊನ್ನೆ. ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದರು. ಏನೂ ಮಾತಾಡಲಿಲ್ಲ. ಆದರೆ ಅವತ್ತು ಸಂಜೆ ನಾನು ಬಂದಾಗ ಕುರ್ಚಿ ಬಕೆಟ್ ಪಕ್ಕದಲ್ಲಿತ್ತು.

ಆರನೇ ದಿನ ಬೆಳಗಿನ ಜಾವ ಅಮ್ಮ ಬಂದು ನನ್ನ ಭುಜ ಅಲುಗಿಸಿದರು. "ಮಗಾ, ಏಳ್. ಅದ್ ಹಿಡ್ಕಂಡಿತ್ ಕಾಣ್."

ಟಾರ್ಚ್ ಹಾಕಿ ನೋಡಿದೆ. ಬಕೆಟ್‌ನ ಗೋಡೆಗೆ ಗುಂಡ ಓರೆಯಾಗಿ ಅಂಟಿದ್ದ. ನೂಲಿನಷ್ಟು ತೆಳ್ಳಗಿನ ನಾಲ್ಕೈದು ಕಾಲು ಮಾತ್ರ ಗೋಡೆ ಹಿಡಿದಿದ್ದವು.

ಒಂಬತ್ತನೇ ದಿನ ನೋರಿಯ ತುಂಡನ್ನು ಅವನ ಅಡಿಗೆ ಇಟ್ಟೆವು. ಸಂಜೆಗೆ ಅದರ ಅಂಚಿನಲ್ಲಿ ನಕ್ಷತ್ರದಂತಹ ಹಲ್ಲಿನ ಗುರುತು. ಹದಿನಾರನೇ ದಿನ, ತೊಟ್ಟಿಯ ತಾಮ್ರದ ಪರೀಕ್ಷೆ ಎರಡು ಸಲ ಸೊನ್ನೆ ಬಂದು, ಹೊಸ ಪ್ಯಾಡ್ ಬಿಳಿಯಾಗೇ ಉಳಿದ ಮೇಲೆ, ಮನೆಗೆ ಕಳಿಸಿದೆವು. ಮೈಮೇಲೆ ಎರಡು ಕಡೆ ಬೋಳು ಇತ್ತು. ಜುಲೈ ಹೊತ್ತಿಗೆ ಅಲ್ಲಿ ಅಕ್ಕಿಕಾಳಿನ ತುದಿಯ ಹಾಗೆ ಹೊಸ ಮುಳ್ಳು ಬಂತು.

ಈಗ ಬಾಲ್ಕನಿಯಲ್ಲಿ ಎರಡು ಕ್ಯಾನ್ ಇವೆ. ಒಂದರ ಮೇಲೆ ಅಮ್ಮನ ಅಕ್ಷರದಲ್ಲಿ 'ಗುಂಡನ ನೀರು, ಯಾರೂ ಮುಟ್ಟಬಾರದು' ಅಂತ ಚೀಟಿ. ಟಿಡಿಎಸ್ ಮೀಟರ್ ಅವರ ಕನ್ನಡಕದ ಡಬ್ಬಿಯಲ್ಲಿರುತ್ತೆ. ಮೀಟರ್ ಸೊನ್ನೆ ತೋರಿಸದಿದ್ದರೆ ನನ್ನ ಫೋನ್ ರಿಂಗ್ ಆಗುತ್ತೆ, ನಾನು ಲೋಕಲ್‌ನಲ್ಲಿ ಬಾಗಿಲಿಗೆ ನೇತಾಡ್ತಿದ್ದರೂ ಸರಿ. ಮರವಂತೆಯ ಚಿಪ್ಪು? ಆಗಸ್ಟ್‌ನಲ್ಲಿ ಒಂದು ದಿನ ಮತ್ತೆ ತಲೆ ಮೇಲೇರಿತು. ಕೊನೆಯ ಚಿತ್ರ ಅದೇ, ನೋಡಿ.

ನಿಮಗೆ ಹೇಳೋದು ಇಷ್ಟೇ. ನಿಮ್ಮ ಅರ್ಚಿನ್ ಮುಳ್ಳು ಉದುರಿಸಿದರೆ ಮೊದಲು ಕೈ ಕಟ್ಟಿಕೊಳ್ಳಿ. ಆಮೇಲೆ ನೀರು ಅಳೀರಿ. ಆಮೇಲೆ ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ಏನೇನು ಬದಲಾಗಿದೆ ಅಂತ ಕೂತು ಬರೀರಿ. ಹೊಸ ಪ್ಯೂರಿಫೈಯರ್, ಸೊಳ್ಳೆಯ ಸ್ಪ್ರೇ, ಗಾಜು ಒರೆಸುವ ದ್ರಾವಣ, ಬಣ್ಣ ಬಳಿದ ಗೋಡೆ, ಎಲ್ಲ. ಮನೆಯವರನ್ನು ಕೇಳಿ. ಆದರೆ ಕಿರುಚಬೇಡಿ.



ಸಭಿಕರ ಪ್ರಶ್ನೆಗಳು

*ಅದು ಬದುಕಿದೆಯೋ ಸತ್ತಿದೆಯೋ ಅಂತ ಹೇಗೆ ತಿಳಿಯೋದು?*

ಒಂದೆರಡು ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ. ಮುಳ್ಳು ಮುಟ್ಟಿದಾಗ ಸ್ವಲ್ಪವೂ ಅಲುಗದಿದ್ದರೆ, ಟಾರ್ಚ್ ಬೆಳಕಲ್ಲಿ ಒಂದೂ ಕೊಳವೆ ಕಾಲು ಆಡದಿದ್ದರೆ, ಬಾಯಿಯ ಸುತ್ತಲಿನ ಚರ್ಮ ಒಳಗೆ ಕುಸಿದಿದ್ದರೆ, ಕೊಳೆತ ವಾಸನೆ ಬಂದರೆ, ಹೋಗಿದೆ ಅಂತ ಅರ್ಥ. ಆಗ ಕೂಡಲೇ ತೆಗೀಬೇಕು. ಸತ್ತ ಅರ್ಚಿನ್‌ನಿಂದ ಅಮೋನಿಯಾ ಏರಿ ಉಳಿದವೂ ಸಾಯ್ತವೆ. ಅನುಮಾನ ಇದ್ದರೆ ಬಕೆಟ್‌ನಲ್ಲಿಟ್ಟು ಒಂದು ದಿನ ಕಾಯಿರಿ.

*ಉಪ್ಪಿನ ಪ್ರಮಾಣವೇ ತಪ್ಪಿದ್ದರೆ ಹೇಗೆ ಸರಿಮಾಡೋದು?*

ನಿಧಾನವಾಗಿ. 1.030 ಇದ್ದದ್ದನ್ನು ಒಂದೇ ದಿನದಲ್ಲಿ 1.025ಕ್ಕೆ ತಂದರೆ ಆ ಸರಿಪಡಿಸುವಿಕೆಯೇ ಅದನ್ನು ಕೊಲ್ಲಬಹುದು. ದಿನಕ್ಕೆ 0.001ರಷ್ಟು ಇಳಿಸಿ. ಐದು ದಿನ ಹಿಡಿಯಲಿ.

*ಇಷ್ಟು ಕಷ್ಟ ಇದ್ದರೆ ಇದನ್ನು ಮನೆಯಲ್ಲಿ ಸಾಕಬೇಕಾ?*

ಒಳ್ಳೆ ಪ್ರಶ್ನೆ, ಅಮ್ಮನೂ ಕೇಳ್ತಾರೆ. ಗುಂಡ ಸತ್ತ ಮೇಲೆ ಇನ್ನೊಂದನ್ನು ತರೋದಿಲ್ಲ ಅಂತ ನಾನು ನಿರ್ಧರಿಸಿದ್ದೇನೆ. ನೀವು ತರಲೇಬೇಕು ಅಂತಿದ್ದರೆ ಮೊದಲು ಆರು ತಿಂಗಳು ಬರೀ ನೀರು, ಕಲ್ಲು, ಪಾಚಿ ಸಾಕಿ ನೋಡಿ. ಹವಳ, ಸಮುದ್ರ ಸೌತೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಅವುಗಳ ತಂಟೆಗೆ ಹೋಗಲೇಬೇಡಿ. ಊರಿಗೆ ಹೋದಾಗ ಬಂಡೆಯಿಂದ ಅರ್ಚಿನ್ ಕಿತ್ತು ಬಾಟಲಿಯಲ್ಲಿ ತರಬೇಡಿ. ಸಾಕಿದ್ದು ಬೇಜಾರಾಯ್ತು ಅಂತ ತೊಟ್ಟಿಯ ಪ್ರಾಣಿಯನ್ನು ಸಮುದ್ರಕ್ಕೂ ಬಿಡಬೇಡಿ. ಅದು ಎಲ್ಲಿಯದೋ ಏನೋ, ಅದರ ಜೊತೆ ಯಾವ ರೋಗ ಇದೆಯೋ ನಮಗೆ ಗೊತ್ತಿರೋದಿಲ್ಲ. ಸಾಕುವ ಬೇರೆ ಯಾರಿಗಾದರೂ ಕೊಡಿ.

ಸಮಯ ಆಯ್ತು ಅಂತ ಸನ್ನೆ ಮಾಡ್ತಿದ್ದಾರೆ. ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಮೀಟರ್ ನೋಡಬೇಕು ಅನ್ನುವವರು ಅವರನ್ನೇ ಕೇಳಿ, ಪರ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದಾರೆ.